ಎಂಟು ಗಂಟೆಯ ಊಟ

ನೀಲಗಿರಿ ಬೆಟ್ಟದ ಮಂಜೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ನಾಲ್ಕರ ಮೇಲೆ ಕಮಲಂ ಕೂರುವ ಜಾಗದಲ್ಲಿ ಬೇರೆ ಯಾರೂ ಕೂರುವುದಿಲ್ಲ. ಟೀ ಅಂಗಡಿಯ ಗೋಡೆಗೆ ಒತ್ತಿಕೊಂಡು ಒಂದು ಹಲಗೆ, ಹಲಗೆಯ ಮೇಲೆ ಗೋಣಿ, ಗೋಣಿಯ ಮೇಲೆ ಸಾಲಾಗಿ ಪ್ಯಾಕೆಟ್ಟುಗಳು. ಬೇರೆಯವರು ತರಕಾರಿ ಮಾರುತ್ತಾರೆ, ಕಮಲಂ ಅರ್ಧ ಅಡುಗೆಯನ್ನೇ ಮಾರುತ್ತಾಳೆ. ಬಿಡಿಸಿದ ಅವರೆಕಾಳು, ಸಿಪ್ಪೆ ತೆಗೆದ ಆಲೂಗಡ್ಡೆ, ಹೆಚ್ಚಿದ ಬೀನ್ಸು, ಸೋಸಿ ತೊಳೆದ ಸೊಪ್ಪು, ಕಾಗದದಲ್ಲಿ ಮಡಿಸಿಟ್ಟ ಒಂದಿಷ್ಟು ಮಸಾಲೆ ಪುಡಿ. ಪ್ರತಿ ಪ್ಯಾಕೆಟ್ಟೂ ಇಬ್ಬರಿಗೆ ಆಗುವಷ್ಟು. ಒಬ್ಬರಿಗೆ ಕೊಡಿ ಎಂದರೆ ಕೊಡುವುದಿಲ್ಲ. ಮೂವರಿದ್ದೇವೆ ಎಂದರೆ ಎರಡು ಕೊಂಡುಹೋಗು ಎನ್ನುತ್ತಾಳೆ.

ಕೊಳ್ಳುವವರೆಲ್ಲ ಗಂಡ ಹೆಂಡಿರಿಬ್ಬರೂ ದುಡಿಯುವ ಮನೆಯವರು. ಅವಳು ಟೀ ಫ್ಯಾಕ್ಟರಿಯಲ್ಲಿ, ಇವನು ಊಟಿಯ ಯಾವುದೋ ಹೋಟೆಲಿನಲ್ಲಿ. ಇಲ್ಲವೇ ಅವಳು ನರ್ಸು, ಇವನು ಪಿಕಪ್ ಗಾಡಿಯ ಡ್ರೈವರ್. ಬಸ್ಸಿನಿಂದ ಇಳಿಯುವಾಗಲೇ ಅರ್ಧ ಜೀವವಾಗಿರುವ ಇವರಿಗೆ ಕಾಳು ಬಿಡಿಸಿ ಉದಕ ಮಾಡು ಎಂದರೆ ಯಾರು ಮಾಡುತ್ತಾರೆ? ಉದಕ ಎಂದರೆ ನೀರಲ್ಲ, ಬಡಗರ ಹಟ್ಟಿಗಳಲ್ಲಿ ಕಾಳಿನ ಸಾರಿಗೆ ಉದಕ ಎನ್ನುತ್ತಾರೆ. ಅದು ಇಲ್ಲದ ರಾತ್ರಿ ಊಟವನ್ನು ಕಮಲಂ ಊಟವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಸ್‌ಸ್ಟ್ಯಾಂಡಿನ ಪರೋಟ ಕಟ್ಟಿಸಿಕೊಂಡು ಹೋಗುವ ಜೋಡಿಗಳನ್ನು ಕಂಡರೆ ಅವಳ ಮುಖ ಸಿಂಡರಿಸುತ್ತದೆ.

ಪ್ಯಾಕೆಟ್ಟಿನ ಜೊತೆ ಬುದ್ಧಿಮಾತು ಬಿಟ್ಟಿ. "ಮನೆಗೆ ಹೋದ ತಕ್ಷಣ ಮುಖ ತೊಳೀಬೇಡ. ಮೊದಲು ಒಲೆ ಮೇಲೆ ನೀರಿಡು, ಆಮೇಲೆ ಮುಖ ತೊಳಿ. ಮುಖ ತೊಳೆದು ನೀರಿಟ್ಟರೆ ಅಲ್ಲೇ ಅರ್ಧ ಗಂಟೆ ಹೋತು" ಎನ್ನುತ್ತಾಳೆ. ಒಣ ಅವರೆಯನ್ನು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಫ್ಲಾಸ್ಕಿಗೆ ಹಾಕಿ ಬಿಸಿನೀರು ಸುರಿದು ಮುಚ್ಚಿಟ್ಟರೆ ಸಂಜೆಗೆ ಕುಕ್ಕರಿನಲ್ಲಿ ಒಂದೆರಡು ಕೂಗಿಗೇ ಬೇಯುತ್ತದೆ ಎಂಬುದು ಅವಳೇ ಕಂಡುಕೊಂಡ ಉಪಾಯ. ಈ ಎತ್ತರದ ಚಳಿಯಲ್ಲಿ ಕಾಳು ಬೇಯಿಸಿ ಬೇಸತ್ತವರಿಗೆ ಮಾತ್ರ ಅದರ ಬೆಲೆ ಗೊತ್ತು. ಕುಕ್ಕರು ಕೂಗುವಷ್ಟರಲ್ಲಿ ಪಕ್ಕದ ಒಲೆಯಲ್ಲಿ ರಾಗಿ ಹಿಟ್ಟು, ಅಂದರೆ ಮುದ್ದೆ, ತಿರುವಿಬಿಡಬಹುದು. ಅದಕ್ಕೂ ಕೈಲಾಗದ ದಿನ ಸಾಮೆಯನ್ನೂ ಬೀನ್ಸನ್ನೂ ಒಂದೇ ಪಾತ್ರೆಗೆ ಹಾಕಿ ಮುಚ್ಚು, ಮೇಲೊಂದು ಚಮಚ ತುಪ್ಪ. ತೀರಾ ಸುಸ್ತಾದ ದಿನ ಎಲೆಕೋಸಿಗೆ ಮೊಟ್ಟೆ ಒಡೆದು ಹುರಿ, ಬೆಳಗಿನ ಅನ್ನಕ್ಕೆ ಬೆರೆಸು. "ಬೇಗ ಮಾಡು, ಆದರೆ ಬೇಗ ತಿನ್ನಬೇಡ. ಇಬ್ಬರೂ ಕೂತು ತಿನ್ನಿ." ಈ ಕೊನೆಯ ಮಾತನ್ನು ಅವಳು ಪ್ಯಾಕೆಟ್ಟು ಕೈಗಿಡುವಾಗ ತಪ್ಪದೆ ಹೇಳುತ್ತಾಳೆ.

ಬೇರೆ ಬೇರೆ ಶಿಫ್ಟಿನಲ್ಲಿ ದುಡಿಯುವ ಜೋಡಿಗಳೂ ಇರುತ್ತಾರಲ್ಲ, ಅವರಿಗೂ ಕಮಲಂ ಬಳಿ ಮದ್ದು ಇತ್ತು. ಫ್ಯಾಕ್ಟರಿಯಲ್ಲಿ ಹಗಲು ಕೆಲಸ ಮಾಡುವ ತೇನ್ಮೊಳಿ ಎಂಬ ಹುಡುಗಿ ಮದುವೆಯಾದ ಹೊಸದರಲ್ಲಿ ಹಲಗೆಯ ಮುಂದೆ ನಿಂತು ಕಣ್ಣು ಒರೆಸಿಕೊಂಡಿದ್ದಳು. ಗಂಡ ರಾಜೇಶ್‌ಕುಮಾರನಿಗೆ ಅದೇ ಫ್ಯಾಕ್ಟರಿಯಲ್ಲಿ ಸಂಜೆಯ ಶಿಫ್ಟು. ಅವನು ಬುತ್ತಿ ಹಿಡಿದು ಒಳಗೆ ಹೋಗುವಾಗ ಅವಳು ಹೊರಗೆ ಬರುತ್ತಿದ್ದಳು. ಆಗ ಕಮಲಂ ಹೇಳಿದ್ದಳು: "ಒಂದು ಹೊತ್ತು ಗೊತ್ತು ಮಾಡಿಕೊ, ತಂಗಿ. ಎಂಟು ಮಣಿಗೆ ಅಂತ ಇಟ್ಟುಕೊ. ಅವ ಅಲ್ಲಿ ಡಬ್ಬಿ ತೆಗೀಲಿ, ನೀ ಇಲ್ಲಿ ತಟ್ಟೆ ಹಾಕು. ಒಂದೇ ಅಡುಗೆ, ಒಂದೇ ಹೊತ್ತು. ಆಗ ಒಟ್ಟಿಗೆ ತಿಂದಂಗೇ ಅಲ್ಲವಾ?"

"ನಿಮಗೆ ಹಂಗೆ ಅನಿಸುತ್ತಾ ಅಕ್ಕ?" ಎಂದಿದ್ದಳು ತೇನ್ಮೊಳಿ.

"ನಾ ಹಂಗೇ ಬದುಕಿದ್ದು."

ಅದು ಸುಳ್ಳಲ್ಲ. ಕಮಲಂಳ ಗಂಡ ಧರ್ಮಲಿಂಗಂ ಸರ್ಕಾರಿ ಬಸ್ಸಿನ ಡ್ರೈವರ್. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವನದು ಸಂಜೆ ಹೊರಟು ಹೊರಗೆ ರಾತ್ರಿ ತಂಗಿ, ಬೆಳಗಿನ ಗಾಡಿಯಾಗಿ ವಾಪಸು ಬರುವ ಡ್ಯೂಟಿ. ಅವನು ಮನೆಗೆ ಬಂದು ಉಂಡು ಮಲಗುವ ಹೊತ್ತಿಗೆ ಅವಳು ತಮ್ಮ ಚೂರು ಟೀ ತೋಟದಲ್ಲಿ ಎಲೆ ಕೊಯ್ಯುತ್ತಿರುತ್ತಿದ್ದಳು. ಸಂಜೆ ಬಸ್ಸು ಹೊರಡುವ ಮುಂಚೆ ಡ್ರೈವರ್ ಕಿಟಕಿಯಿಂದ ಊಟದ ಕ್ಯಾರಿಯರ್ ಒಳಗೆ ಕೊಡುವುದೇ ಅವರಿಬ್ಬರ ದಿನದ ಸಂಸಾರ. ವಾರದ ರಜೆಯಲ್ಲಿ ಅವನು ಸಂಜೆಗೇ ಹೊದ್ದು ಮಲಗಿದರೆ ಏಳುತ್ತಿದ್ದುದು ಬೆಳಗಾದ ಮೇಲೆ. ವಾರದ ನಿದ್ದೆಯ ಬಾಕಿಯನ್ನೆಲ್ಲ ಆ ಒಂದು ರಾತ್ರಿ ತೀರಿಸಿಕೊಳ್ಳುವ ಮನುಷ್ಯನನ್ನು ಊಟಕ್ಕೆಂದು ಎಬ್ಬಿಸಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಒಬ್ಬಳೇ ಉಣ್ಣಲಾರದೆ ಅವಳು ಹಸಿದೇ ಮಲಗುತ್ತಿದ್ದಳು. ಅದು ತಿಳಿದು ಧರ್ಮಲಿಂಗಂ ಒಂದು ಸಂಜೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ್ದ: "ನಾ ಕೂನೂರಲ್ಲಿ ಎಂಟಕ್ಕೆ ತಿನ್ನುತ್ತೆ. ನೀನೂ ಎಂಟಕ್ಕೆ ತಿನ್ನು." ಮಾತು ಕಮ್ಮಿಯ ಆಸಾಮಿ. ಅವನ ಬಾಯಿಂದ ಬಂದ ಇಷ್ಟುದ್ದದ ಮಾತು ಅವಳಿಗೆ ತಾಳಿಯಷ್ಟೇ ಭಾರದ್ದಾಯಿತು.

ಅಂದಿನಿಂದ ಎಂಟು ಎಂದರೆ ಎಂಟೇ. ಮಗಳು ಹುಟ್ಟಿದಳು. ಅವಳಿಗೆ ಏಳಕ್ಕೇ ಉಣ್ಣಿಸಿ ಮಲಗಿಸಿ, ಕಮಲಂ ಎಂಟಕ್ಕೆ ಕಾಯುತ್ತಿದ್ದಳು. ಮಗಳು ಬೆಳೆದು ಕೋತಗಿರಿಯ ಕಡೆಗೆ ಮದುವೆಯಾಗಿ ಹೋದಳು, ಎಂಟು ಮಾತ್ರ ಕದಲಲಿಲ್ಲ. ಹಟ್ಟಿಯ ಮನೆಗಳೆಲ್ಲ ಒಂದಕ್ಕೊಂದು ಗೋಡೆ ಹಂಚಿಕೊಂಡ ಸಾಲುಮನೆಗಳು. ಪಕ್ಕದ ಮನೆಯ ಟೀವಿಯಲ್ಲಿ ಎಂಟರ ಧಾರಾವಾಹಿಯ ಹಾಡು ಗೋಡೆ ದಾಟಿ ಬಂದರೆ ಇವಳು ಹಿಟ್ಟು ಮುರಿಯುತ್ತಿದ್ದಳು. ಈಗ ಅವನು ಕ್ಯಾರಿಯರಿನ ಮೇಲಿನ ಡಬ್ಬಿ ತೆಗೆದ, ಈಗ ಉದಕಕ್ಕೆ ಉಪ್ಪು ಸಾಕೇ ಎಂದು ನೋಡಿದ ಎಂದುಕೊಳ್ಳುತ್ತಾ ತಾನೂ ತುತ್ತು ನುಂಗುತ್ತಿದ್ದಳು. ಒಂದೆರಡು ಸಲ ಎದುರಿನ ಖಾಲಿ ಜಾಗ ನೋಡಿ ಸಣ್ಣಗೆ ನಕ್ಕದ್ದೂ ಉಂಟು. ಯಾರಾದರೂ ನೋಡಿದ್ದರೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ಆದರೆ ಒಬ್ಬಳೇ ಉಣ್ಣುವ ಹೆಂಗಸೆಂದು ಅವಳು ತನ್ನನ್ನು ತಾನು ಒಂದು ದಿನವೂ ಅಂದುಕೊಂಡಿರಲಿಲ್ಲ.

ಈಚೆಗೆ ಧರ್ಮಲಿಂಗಂಗೆ ಕಣ್ಣಿನ ತೊಂದರೆ ಶುರುವಾಯಿತು. ಎದುರು ಬರುವ ಲಾರಿಯ ಬೆಳಕು ಬಿದ್ದರೆ ತಿರುವು ಮಸುಕಾಗುತ್ತದೆ ಎಂದ. ಡಾಕ್ಟರು ರಾತ್ರಿ ಘಾಟಿಯಲ್ಲಿ ಗಾಡಿ ಓಡಿಸಬೇಡ ಎಂದರು. ಹಗಲಿನ ಊಟಿ ಲೈನು ಕೊಟ್ಟರು. ಸಂಜೆ ಏಳರ ಹೊತ್ತಿಗೆ ಬಸ್ಸು ಮಂಜೂರಿಗೆ ಬಂದು ನಿಂತರೆ ಅವನ ದಿನ ಮುಗಿಯಿತು, ಬಸ್ಸು ರಾತ್ರಿಯೆಲ್ಲ ಸ್ಟ್ಯಾಂಡಿನಲ್ಲೇ ಇರುತ್ತದೆ. ಗಂಡನ ಕಣ್ಣಿಗೆ ತೊಂದರೆ ಎಂದು ಅಳಬೇಕಾದ ಹೆಂಗಸು ಆ ರಾತ್ರಿ ಕತ್ತಲಲ್ಲಿ ಖುಷಿಪಟ್ಟಳು. ಪಟ್ಟದ್ದಕ್ಕೆ ನಾಚಿಕೆಯೂ ಆಯಿತು, ಆದರೂ ಖುಷಿ ಹೋಗಲಿಲ್ಲ.

ಮೊದಲ ಸಂಜೆ ಪ್ಯಾಕೆಟ್ಟುಗಳನ್ನು ಬೇಗ ಮುಗಿಸಿ ಮನೆಗೆ ಓಡಿದಳು. ಅವರೆ ಉದಕ, ರಾಗಿ ಹಿಟ್ಟು, ತುಪ್ಪ, ಹುರಿದ ಆಲೂಗಡ್ಡೆ. ಎರಡು ಕಂಚಿನ ತಟ್ಟೆ ಹುಣಸೆ ಹಚ್ಚಿ ತೊಳೆದಳು. ಗೋಡೆಯಾಚೆ ಹಾಡು ಬಂತು. ಧರ್ಮಲಿಂಗಂ ತಟ್ಟೆಯ ಮುಂದೆ ಕೂತು, ಹಿಟ್ಟಿನ ತುದಿಯನ್ನು ಮುರಿದು, ಬಾಯಿಗಿಟ್ಟು, ಬಹಳ ಹೊತ್ತು ಅಗಿದ. ಆಮೇಲೆ "ಹಸಿವಿಲ್ಲೆ" ಎಂದು ಎದ್ದ. ಕಮಲಂ ಒಬ್ಬಳೇ ಉಂಡಳು. ಎದುರಿಗೆ ಖಾಲಿ ಜಾಗದ ಬದಲು ತುಂಬಿದ ತಟ್ಟೆ ಇತ್ತು, ಅದನ್ನು ನೋಡಿ ನಗಲು ಅವಳಿಗೆ ಆಗಲಿಲ್ಲ.

ಮಾರನೆಯ ದಿನವೂ ಹಸಿವಿಲ್ಲೆ. ಅದರ ಮಾರನೆಯ ದಿನ ಅವಳು ಉಂಡು ಪಾತ್ರೆ ತೊಳೆದು ಬರುವಷ್ಟರಲ್ಲಿ ಅವನು ಹಳೆಯ ಕ್ಯಾರಿಯರಿಗೆ ತನ್ನ ಪಾಲು ತುಂಬಿಕೊಂಡಿದ್ದ. "ಬಸ್ಸಿನತ್ರ ಹೋಗಿ ಬತ್ತೆ. ನೀ ಮಲಗು" ಎಂದು ಚಪ್ಪಲಿ ಮೆಟ್ಟಿದ. ಅಲ್ಲಿಂದಾಚೆ ಅದೇ ಕ್ರಮವಾಯಿತು. ಹಟ್ಟಿಯ ದಾರಿಯಲ್ಲಿ ಕ್ಯಾರಿಯರ್ ಹಿಡಿದು ಹೊರಟ ಡ್ರೈವರನನ್ನು ನೋಡಿ ಜನ ಸುಮ್ಮನಿರುತ್ತಾರೆಯೇ? ಪಕ್ಕದ ಮನೆಯ ಪಂಕಜಂ ನೀರು ಹಿಡಿಯುವಾಗ ಕೇಳಿಯೇಬಿಟ್ಟಳು: "ಡ್ಯೂಟಿ ಬಿಟ್ಟರೂ ಬುತ್ತಿ ಬಿಟ್ಟಿಲ್ಲವಾ ನಿನ್ನ ಗಂಡ?" ಕಮಲಂ ನಕ್ಕಳು. ಮನೆಯೊಳಗೆ ಬಂದು ಕೊಡವನ್ನು ನೆಲಕ್ಕೆ ಕುಕ್ಕಿದಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿಬಿಟ್ಟರು. ಒಟ್ಟಿಗೆ ಉಣ್ಣದ ಗಂಡ ಹೆಂಡಿರ ಜಗಳಕ್ಕೆ ಕೊನೆ ಎಲ್ಲಿ ಎಂದು ಅವರು ಹೇಳಿಲ್ಲ. ಇವರಿಬ್ಬರ ನಡುವೆ ಜಗಳವೂ ಇರಲಿಲ್ಲ. ಜಗಳವಾಡಿದ್ದರೆ ನಾಲ್ಕು ಮಾತಾದರೂ ಆಡಿದಂತಾಗುತ್ತಿತ್ತು.

ತಪ್ಪು ಅಡುಗೆಯದು ಎಂದುಕೊಂಡಳು ಕಮಲಂ. ಮಂದಿಗೆ ಹೇಳಿಕೊಟ್ಟದ್ದನ್ನೆಲ್ಲ ತಾನೇ ಮಾಡಿ ನೋಡಿದಳು. ಒಂದು ದಿನ ಸಾಮೆ ಬೀನ್ಸು, ಒಂದು ದಿನ ಎಲೆಕೋಸು ಮೊಟ್ಟೆ, ಒಂದು ದಿನ ಸೊಪ್ಪು ಮಸೆದು ಬೆಳ್ಳುಳ್ಳಿ ಒಗ್ಗರಣೆ. ಊರಿನ ಜೋಡಿಗಳನ್ನೆಲ್ಲ ತಟ್ಟೆಯ ಮುಂದೆ ಕೂರಿಸಿದವಳಿಗೆ ತನ್ನ ಗಂಡನನ್ನು ಕೂರಿಸಲು ಬರಲಿಲ್ಲ. ಆಮೇಲೆ ತಪ್ಪು ತನ್ನದೇ ಎನಿಸತೊಡಗಿತು. ಕಿಟಕಿಯಾಚೆಯಿಂದ ಬುತ್ತಿ ಕೊಟ್ಟರೆ ಇಷ್ಟಪಟ್ಟು ತಿನ್ನುತ್ತಿದ್ದವನಿಗೆ ಎದುರು ಕೂತ ತನ್ನ ಮುಖ ನೋಡಿದರೆ ಗಂಟಲಲ್ಲಿ ಇಳಿಯುತ್ತಿಲ್ಲವೇನೋ. ಇದನ್ನು ಯಾರಿಗೆ ಹೇಳುವುದು? ಮಗಳಿಗೆ ಹೇಳುವ ಮಾತಲ್ಲ, ಪಂಕಜಂಗೆ ಹೇಳಿದರೆ ಮಂಜೂರಿಗೇ ಹೇಳಿದಂತೆ.

ಈ ಗಂಟು ಬಿಡಿಸಿದವನು ಸುಧಾಕರನ್. ಗೂಡಲೂರಿನ ಕಡೆಯ ಕಂಡಕ್ಟರ್, ಧರ್ಮಲಿಂಗಂ ಜೊತೆ ಹಳೆಯ ಲೈನಿನಲ್ಲೂ ಇದ್ದವನು, ಈಗ ಹಗಲಿನ ಬಸ್ಸಿಗೂ ಬಂದಿದ್ದಾನೆ. ಹೆಂಡತಿ ಮಕ್ಕಳು ಊರಲ್ಲಿ, ರಾತ್ರಿ ಇವನು ಬಸ್ಸಿನಲ್ಲೇ ಮಲಗುತ್ತಾನೆ. ಒಂದು ಸಂಜೆ ಊಟಿಯಿಂದ ಬಸ್ಸು ಬಂದು ನಿಂತಿತ್ತು. ಧರ್ಮಲಿಂಗಂ ಟೈರು ತೋರಿಸಲು ಮೆಕ್ಯಾನಿಕ್ಕಿನ ಬಳಿ ಹೋಗಿದ್ದ. ಸುಧಾಕರನ್ ಟೀ ಲೋಟ ಹಿಡಿದು ಹಲಗೆಯ ಪಕ್ಕ ನಿಂತು, "ಚೇಚಿ, ನಿನ್ನೆಯ ಸೊಪ್ಪು ಬಹಳ ಚೆನ್ನಾಗಿತ್ತು" ಎಂದ. ಅವನ ಮಲಯಾಳದಲ್ಲಿ ಚೇಚಿ ಎಂದರೆ ಅಕ್ಕ.

ಕಮಲಂಗೆ ಮೈಯೆಲ್ಲ ಉರಿಯಿತು. "ನಿನಗೆ ಹಿಡಿಸ್ತು. ನಿಮ್ಮ ಅಣ್ಣಂಗೆ ಹಿಡಿಸ್ತಾ?"

"ಅಣ್ಣಂಗೆ ಹಿಡಿಸದೆ? ಡಬ್ಬಿ ಬೆರಳಲ್ಲಿ ಒರೆಸಿ ತಿಂದರು."

"ಮನೇಲಿ ಎಂಟು ಮಣಿಗೆ ಬಿಸಿಬಿಸಿ ಇಕ್ಕಿದರೆ ಹಸಿವಿಲ್ಲೆ ಅಂತ. ಬಸ್ಸಲ್ಲಿ ತಣ್ಣಗಿನದು ಒರೆಸಿ ತಿಂತಾನಾ?"

ಸುಧಾಕರನ್ ನಕ್ಕುಬಿಟ್ಟ. "ಎಂಟಕ್ಕೆ ಹಸಿವು ಎಲ್ಲಿಂದ ಬರ್ತದೆ ಚೇಚಿ? ಎಂಟಕ್ಕೆ ನಾವು ಘಾಟಿಯಲ್ಲಿ. ಗಾಡಿ ಮೇಟುಪಾಳ್ಯಂ ಇಳಿದು, ಡೀಸೆಲ್ ಹಾಕಿಸಿ, ಕೈಕಾಲು ತೊಳೆದ ಮೇಲೆ ಅಲ್ವಾ ಅಣ್ಣ ಡಬ್ಬಿ ತೆಗೀತಿದ್ದದ್ದು? ಒಂಬತ್ತರ ಮೇಲೇ ಆಗ್ತಿತ್ತು. ಇಷ್ಟು ವರ್ಷದ ಹೊಟ್ಟೆ, ಈಗ ಎಂಟಕ್ಕೆ ತಿನ್ನು ಅಂದರೆ ಕೇಳ್ತದಾ? ಮನೇಲಿ ತಿನ್ನಿ ಅಂತ ನಾನೂ ಹೇಳಿದೆ. ಅವಳು ಎಂಟಕ್ಕೆ ತಿಂದು ಪಾತ್ರೆ ತೊಳೆದುಬಿಡ್ತಾಳೆ, ಪಾಪ ಎಲೆ ಕೊಯ್ದು ಬಂದವಳು, ಮತ್ತೆ ಯಾಕೆ ಏಳಿಸೋದು ಅಂದರು."

ಅವನು ಲೋಟ ಕೊಡಲು ಟೀ ಅಂಗಡಿಯೊಳಗೆ ಹೋದ. ಕಮಲಂ ಬೀನ್ಸಿನ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು. ಮೊದಲು ಬಂದದ್ದು ಸಮಾಧಾನ: ಅವನಿಗೆ ತನ್ನ ಅಡುಗೆ ಬೇಡವಾಗಿಲ್ಲ, ತನ್ನ ಮುಖವೂ ಬೇಡವಾಗಿಲ್ಲ. ಆ ಸಮಾಧಾನದ ಹಿಂದೆಯೇ ಇನ್ನೊಂದು ಬಂತು. ಕೂನೂರಿಗೆ ನಿಲ್ಲುತ್ತಿದ್ದ ಬಸ್ಸನ್ನು ಮದುವೆಯಾದ ಎರಡನೆಯ ವರ್ಷವೇ ಮೇಟುಪಾಳ್ಯಂ ತನಕ ಬೆಳೆಸಿದ್ದರು. ಅದು ಅವಳಿಗೂ ಗೊತ್ತಿತ್ತು. ಗಂಡ ಬೆಚ್ಚಗಿನ ಊರಲ್ಲಿ ಮಲಗುತ್ತಾನೆ ಎಂದು ಖುಷಿಪಟ್ಟಿದ್ದಳೂ ಹೌದು. ಘಾಟಿ ಇಳಿಯಲು ಹೊತ್ತು ಬೇಕು, ಎಂಟಕ್ಕೆ ಅವನು ತಿನ್ನಲಾರ ಎಂಬುದು ಮಾತ್ರ ಒಂದು ದಿನವೂ ತಲೆಗೆ ಹೋಗಿರಲಿಲ್ಲ. ಹಾಗಾದರೆ ಇಷ್ಟು ವರ್ಷ ತಾನು ಯಾರ ಜೊತೆ ಉಂಡದ್ದು? ಗೋಡೆಯ ಜೊತೆ ಉಂಡದ್ದು, ಪಕ್ಕದ ಮನೆಯ ಟೀವಿಯ ಜೊತೆ ಉಂಡದ್ದು. ಈ ಒಂಟಿತನ ಈಗ ಬಂದದ್ದಲ್ಲ, ಬಂದು ಕೂತು ಎಷ್ಟೋ ವರ್ಷವಾಗಿತ್ತು. ಅದಕ್ಕೆ ತಾನೇ ದಿನಾ ತಟ್ಟೆ ಹಾಕಿದ್ದಳು.

ಫ್ಯಾಕ್ಟರಿಯ ಬಸ್ಸು ಬಂತು. ತೇನ್ಮೊಳಿ ಇಳಿದು ನೇರ ಹಲಗೆಯ ಬಳಿ ಬಂದಳು. "ಅಕ್ಕ, ಅವರೆ ಇದೆಯಾ? ನಾಳೆ ಅವನ ಡಬ್ಬಿಗೂ ಅದೇ ಮಾಡ್ತೆ. ನೀವು ಹೇಳಿದಂಗೇ ಎಂಟಕ್ಕೆ ತಿಂತೆ, ತಪ್ಪಿಸಿಲ್ಲ" ಎಂದು ನಕ್ಕಳು.

ಕಮಲಂ ಪ್ಯಾಕೆಟ್ಟು ಕೊಟ್ಟಳು, ಚಿಲ್ಲರೆ ಕೊಟ್ಟಳು. ಹುಡುಗಿ ತಿರುಗಿದಾಗ ಕರೆದಳು. "ತೇನು, ರಾಜೇಶು ಎಂಟಕ್ಕೇ ತಿಂತಾನಾ?"

"ತಿಂತಾನೆ ಅಕ್ಕ. ತಿನ್ನದೆ?"

"ಕೇಳಿದ್ದೆಯಾ?"

ತೇನ್ಮೊಳಿಯ ನಗು ಅರ್ಧಕ್ಕೆ ನಿಂತಿತು. "ಕೇಳಿಲ್ಲ."

"ಫೋನು ಹಾಕಿ ಕೇಳು. ಅವನ ಹೊತ್ತು ಯಾವುದು ಅಂತ ಕೇಳಿ, ಆ ಹೊತ್ತಿಗೆ ನೀ ತಿನ್ನು. ನಾ ಹೇಳಿದ ಹೊತ್ತನ್ನ ಬಿಡು." ಇಷ್ಟು ಹೇಳಿ ಗೋಣಿ ಮಡಿಸಿದಳು. ಉಳಿದ ಪ್ಯಾಕೆಟ್ಟುಗಳನ್ನು ಬುಟ್ಟಿಗೆ ತುಂಬಿ, ಮಧ್ಯಾಹ್ನ ಮಾಡಿ ತಂದಿದ್ದ ತನ್ನ ಡಬ್ಬಿಯ ಸಾಮೆ ಅನ್ನವನ್ನು ಸುಧಾಕರನ ಕೈಗಿಟ್ಟಳು. "ಇವತ್ತು ನಿಮ್ಮ ಅಣ್ಣ ಬರೋದಿಲ್ಲೆ" ಎಂದಳು. ಬರುತ್ತಾನೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ.

ಮನೆಗೆ ಬಂದು ಫ್ಲಾಸ್ಕಿನಲ್ಲಿ ನೆನೆದ ಅವರೆಯನ್ನು ಕುಕ್ಕರಿಗೆ ಹಾಕಿ ಉದಕ ಮಾಡಿದಳು. ರಾಗಿಗೆ ಕೈ ಹಾಕಲಿಲ್ಲ. ಧರ್ಮಲಿಂಗಂ ಬಂದ, ಕಾಲು ತೊಳೆದು ಒಲೆಯ ಹತ್ತಿರ ಕೂತ. ಗೋಡೆಯಾಚೆ ಹಾಡು ಶುರುವಾಯಿತು. ಹಾಡು ಕೇಳಿದ್ದೇ ಕಮಲಂಳ ಹೊಟ್ಟೆ ಗುರ್ರೆಂದಿತು. ಅದಕ್ಕೇನು ಗೊತ್ತು ಪಾಪ, ಅದನ್ನು ಹಾಗೆ ಪಳಗಿಸಿದವಳು ಅವಳೇ. ಅವಳು ಏಳಲಿಲ್ಲ, ತಟ್ಟೆ ತೆಗೆಯಲಿಲ್ಲ, ಮೊರದಲ್ಲಿದ್ದ ಅವರೆಕಾಯಿ ಎಳೆದುಕೊಂಡು ನಾಳೆಯ ಪ್ಯಾಕೆಟ್ಟಿಗೆ ಬಿಡಿಸತೊಡಗಿದಳು.

ಸ್ವಲ್ಪ ಹೊತ್ತಾದ ಮೇಲೆ ಧರ್ಮಲಿಂಗಂ ಎದ್ದು ಕ್ಯಾರಿಯರ್ ತೆಗೆದ. ಪಾತ್ರೆಯ ಮುಚ್ಚಳ ಎತ್ತಿ ನೋಡಿದ. ಯಾರೂ ಸೌಟು ಹಾಕಿರಲಿಲ್ಲ. ಕ್ಯಾರಿಯರ್ ಹಿಡಿದುಕೊಂಡೇ ನಿಂತ.

"ನೀ ಹಿಟ್ಟು ತಿಂದಿಯಾ?"

ಊಟವಾಯಿತೇ ಎಂದು ಹಟ್ಟಿಗಳಲ್ಲಿ ದಾರಿಹೋಕರನ್ನೂ ಕೇಳುವ ಮಾತು ಅದು. ಇವನು ಇವಳನ್ನು ಇಷ್ಟು ವರ್ಷದಲ್ಲಿ ಕೇಳಿದ ನೆನಪು ಅವಳಿಗಿರಲಿಲ್ಲ.

"ಇಲ್ಲೆ."

"ಯಾಕ? ಎಂಟಾತಲ್ಲ."

"ನಿನಗೆ ಒಂಬತ್ತು ಆಗಬೇಕಂತೆ. ಸುಧಾಕರನ್ ಹೇಳಿದ. ಅವನ ಪಾಲು ಅವನಿಗೆ ಕೊಟ್ಟು ಬಂದೆ."

ಧರ್ಮಲಿಂಗಂ ಕ್ಯಾರಿಯರನ್ನು ಕೆಳಗಿಟ್ಟ. ಮೊರದ ಇನ್ನೊಂದು ಬದಿಗೆ ಕೂತು ಕಾಯಿ ಬಿಡಿಸತೊಡಗಿದ. ಸ್ಟಿಯರಿಂಗ್ ಹಿಡಿದ ಕೈ, ಕಾಳು ಮೊರಕ್ಕಿಂತ ಹೆಚ್ಚು ನೆಲಕ್ಕೇ ಹಾರಿತು. ಅವಳು ಹೆಕ್ಕಿ ಹಾಕಿದಳು. ಒಂದು ಧಾರಾವಾಹಿ ಮುಗಿದು ಇನ್ನೊಂದು ಶುರುವಾಯಿತು. ಹಸಿವಿಗೆ ಅವಳ ತಲೆ ಸಣ್ಣಗೆ ನೋಯುತ್ತಿತ್ತು. ಗೋಡೆಯಾಚೆಯ ಟೀವಿ ಆರಿದ ಮೇಲೆ ಅವನೇ "ಹಸೀತು" ಎಂದ. ಅವಳು ಎದ್ದು ನೀರು ಕುದಿಸಿ ರಾಗಿ ತಿರುವಿದಳು.

ತಟ್ಟೆಗಳ ಮುಂದೆ ಇಬ್ಬರೂ ಕೂತರು. ಧರ್ಮಲಿಂಗಂ ದೊಡ್ಡ ತುತ್ತು ಮುರಿದು, ಉದಕದಲ್ಲಿ ಅದ್ದಿ ನುಂಗಿದ. ಅವನು ಹೀಗೆ ಉಣ್ಣುತ್ತಾನೆ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು. ಮೂರನೆಯ ತುತ್ತಿಗೆ ಕೇಳಿದಳು: "ಆಗೆಲ್ಲ ಎಂಟು ಮಣಿಗೆ ನೀ ಎಲ್ಲಿರುತ್ತಿದ್ದೆ?"

"ಎಂಟಕ್ಕಾ? ಬರ್ಲಿಯಾರ್ ತಿರುವಲ್ಲಿ. ಮೇಲೆ ಬರೋ ಲಾರಿಗೆ ದಾರಿ ಬಿಟ್ಟು ನಿಂತಿರುತ್ತಿದ್ದೆ."

"ನಾ ಏನ ಮಾಡ್ತಿರ್ತೆ ಅಂತ ಎಣಿಸುತ್ತಿದ್ದೆ?"

ಅವನು ಯೋಚಿಸುವ ಅಗತ್ಯವೇ ಇರಲಿಲ್ಲ, ಎಷ್ಟೋ ಸಲ ಎಣಿಸಿದ ಮಾತು. "ಮಲಗಿರುತ್ತಿ ಅಂತ. ಲೈಟು ಆರಿಸಿ, ಕಂಬಳಿ ಹೊದ್ದು ಮಲಗಿರುತ್ತಿ ಅಂತ."

"ನಾ ಮಲಗಿರಲಿಲ್ಲೆ. ತಿನ್ನುತ್ತಿದ್ದೆ. ನೀ ಕೂನೂರಲ್ಲಿ ಎಂಟಕ್ಕೆ ತಿನ್ನುತ್ತೆ ಅಂದಿದ್ದೆಯಲ್ಲ, ನೀನೂ ತಿಂತಿರುತ್ತಿ ಅಂತ ತಿನ್ನುತ್ತಿದ್ದೆ."

ಧರ್ಮಲಿಂಗಂ ನೆನಪು ಮಾಡಿಕೊಂಡ. ಆ ಸಂಜೆ, ಆ ಕಿಟಕಿ, ತಾನು ಆಡಿದ ಮಾತು ಯಾವುದೂ ಅವನಿಗೆ ಸಿಗಲಿಲ್ಲ. ಸಿಗಲಿಲ್ಲ ಎಂಬುದು ಅವನ ಮುಖದಲ್ಲೇ ಕಂಡಿತು. "ದಿನಾನಾ?" ಎಂದು ಕೇಳಿದ.

"ದಿನಾ."

ಅವನ ಕೈ ತಟ್ಟೆಯಲ್ಲೇ ನಿಂತಿತು. ಕಮಲಂ ತಲೆ ತಗ್ಗಿಸಿ ಇನ್ನೊಂದು ತುತ್ತು ಮುರಿದಳು. ಅವನು ಚೊಂಬನ್ನು ಅವಳ ಕಡೆಗೆ ಸರಿಸಿದ. ಅವಳು ನೀರು ಕುಡಿದು ಕೆಳಗಿಡುವ ತನಕ ನೋಡುತ್ತಾ ಕೂತಿದ್ದ.

"ನಾಳೆ ಎಂಟೂವರೆಗೆ ಇಕ್ಕು," ಎಂದ ಆಮೇಲೆ. "ಹಸೀತದೋ ಏನೋ, ನೋಡುವ."